ಕಂಬದ ಕಡೆಯ ಮಗ್ಗುಲು

ಸನ್ಮಾನ್ಯ ಅಧ್ಯಕ್ಷರಾದ ಬಸವಪ್ರಭು ಅವರೇ, ವಾಸ್ತು ವಿಷಯದಲ್ಲಿ ಎದುರಾಡುವವರೇ ಇಲ್ಲದ ನಮ್ಮ ಉಪಾಧ್ಯಕ್ಷ ಈರಬಸಪ್ಪನವರೇ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಸದ್ಯಕ್ಕೆ ಖಾಲಿ ಕುರ್ಚಿಯ ರೂಪದಲ್ಲಿ ವೇದಿಕೆಯನ್ನು ಅಲಂಕರಿಸಿರುವ ಮುಖ್ಯ ಅತಿಥಿಗಳೇ, ಮುಂದಿನ ಎರಡು ಸಾಲುಗಳ ದಾನಿಗಳೇ, ಹಿಂದಿನ ಸಾಲುಗಳ ಉಳಿದವರೇ, ಮತ್ತು ಊಟ ಎಷ್ಟು ಹೊತ್ತಿಗೆ ಎಂದು ಆಗಲೇ ಎರಡು ಸಲ ಕೇಳಿರುವ ನನ್ನ ಪ್ರೀತಿಯ ಸಭಿಕರೇ,

ಈ ಮೈಕಿನ ಮುಂದೆ ನನ್ನನ್ನು ನಿಲ್ಲಿಸಿದ್ದಕ್ಕೆ ಪುಣೆಯ ಶಾಲ್ಮಲಾ ಕನ್ನಡ ಬಳಗಕ್ಕೆ ನಾನು ಋಣಿ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿಲ್ಲ. 'ದಿವಂಗತ ಸಂಕಪ್ಪ ಚಿತ್ರಗಾರರ ಸುಪುತ್ರಿಯಿಂದ ಎರಡು ಮಾತು' ಎಂದಿದೆ. ಆ ಸುಪುತ್ರಿಗೆ ಸಕ್ಕುಬಾಯಿ ಎಂಬ ಹೆಸರಿದೆ. ಪಿಂಪ್ರಿಯ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಯಂತ್ರದ ಗೇರುಗಳ ಚಿತ್ರ ತಿದ್ದಿ ತಿದ್ದಿ ಹೋದ ವರ್ಷ, ಎಂದರೆ ಎರಡು ಸಾವಿರದ ಎರಡರಲ್ಲಿ, ರಿಟೈರ್ ಆದವಳು ನಾನು. ಎರಡು ಮಾತು ಎಂದಿರಿ, ನಾಲ್ಕಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇದೇ ಪತ್ರಿಕೆಯ ಪ್ರಕಾರ ಇಂದು ಇಲ್ಲಿ 'ಅಶ್ವಪರಿಭ್ರಮಣ ಯಂತ್ರದ ಪುನರುತ್ಥಾನ ಸಮಾರಂಭ' ನಡೆಯುತ್ತಿದೆ. ಓದಿದಾಗ ನನಗೆ ಎದೆ ಝಲ್ಲೆಂದಿತು. ಆಮೇಲೆ ಗೊತ್ತಾಯಿತು, ಹಿಂದಿನ ಅಂಗಳದಲ್ಲಿರುವ ಕುದುರೆ ಚಕ್ರದ ವಿಷಯ ಎಂದು. ಹದಿನಾರು ಮರದ ಕುದುರೆಗಳು, ನಡುವೆ ಒಂದು ಕಂಬ, ಮೇಲೊಂದು ಛತ್ರಿ. ಕಾತ್ರಜದ ಮಕ್ಕಳ ಉದ್ಯಾನದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ತಿರುಗಿ, ಉದ್ಯಾನ ಮುಚ್ಚಿದ ಮೇಲೆ ತಗಡಿನ ಶೆಡ್ಡಿನಲ್ಲಿ ಬಿದ್ದಿತ್ತು. ಅದನ್ನು ಲಾರಿಯಲ್ಲಿ ಇಲ್ಲಿಗೆ, ಕೋಥರೂಡಕ್ಕೆ, ತಂದು ನಿಲ್ಲಿಸಿದವರು ನೀವು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ವ್ಯಂಗ್ಯ ಈಗ ಶುರುವಾಗುತ್ತದೆ.

ಅಧ್ಯಕ್ಷರು ಈಗಷ್ಟೇ ಒಂದು ಘೋಷಣೆ ಮಾಡಿದರು. ತಡವಾಗಿ ಬಂದವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ದುರಸ್ತಿಯ ವೇಳೆಯಲ್ಲಿ ಕುದುರೆಗಳ ಮುಖ ಅದಲುಬದಲಾಗಿ, ಅಪ್ಪ ಕೆತ್ತಿದ ಚೆಂದದ ಬಲಮಗ್ಗುಲು ಒಳಗೆ ಹೋಗಿದೆ, ಒರಟಾದ ಎಡಮಗ್ಗುಲು ಹೊರಗೆ ಬಂದಿದೆ. ಇದಕ್ಕೆ ಸಮಿತಿ ಎರಡು ಪರಿಹಾರ ಹುಡುಕಿದೆ. ಒಂದು, ಹೊರಗೆ ಬಂದ ಮಗ್ಗುಲನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಹೊಳೆಯುವ ಬಣ್ಣ ಬಳಿದು, ಒಂದೊಂದು ಕುದುರೆಯ ಮೇಲೆ ಒಬ್ಬೊಬ್ಬ ದಾನಿಯ ಹೆಸರು ಬರೆಸುವುದು. ಎರಡು, ಕುದುರೆಗಳನ್ನು ಮತ್ತೆ ಮೊದಲಿನಂತೆ ತಿರುಗಿಸುವುದು. 'ನಿರ್ಧಾರ ಸಕ್ಕುಬಾಯಿಯವರದೇ, ಅವರು ಹೇಳಿದಂತೆ ನಾಳೆಯೇ ಕೆಲಸ' ಎಂದು ಅಧ್ಯಕ್ಷರು ಎಲ್ಲರ ಮುಂದೆ ಮಾತು ಕೊಟ್ಟಿದ್ದಾರೆ. ಚಪ್ಪಾಳೆಯೂ ಬಿತ್ತು. ಇನ್ನು ಅವರು ಹಿಂದೆ ಸರಿಯುವಂತಿಲ್ಲ.

ಹೇಳುವ ಮೊದಲು, ಈ ಅದಲುಬದಲು ಹೇಗಾಯಿತು ಎಂದು ನಿಮಗೆ ಗೊತ್ತಿರಬೇಡವೇ? ಅದಕ್ಕೆ ಆ ಚಕ್ರ ಹೇಗೆ ತಿರುಗುತ್ತದೆ ಎಂದು ಗೊತ್ತಿರಬೇಕು. ಸಮಿತಿಗೂ ಗೊತ್ತಿದ್ದರೆ ಚೆನ್ನಾಗಿತ್ತು.

ನೋಡಿದವರಿಗೆ ಅದು ನೆಲದ ಮೇಲೆ ಕೂತಂತೆ ಕಾಣುತ್ತದೆ. ಕೂತಿಲ್ಲ. ನಡುವಿನ ಕಂಬ ಒಂದೇ ನೆಲದಲ್ಲಿ ಊರಿದೆ. ಕಂಬದ ತಲೆಯ ಮೇಲೆ ಒಂದು ದೊಡ್ಡ ಬೇರಿಂಗು. ಆ ಬೇರಿಂಗಿನಿಂದ ಛತ್ರಿಯ ಕಡ್ಡಿಗಳಂತೆ ಹೊರಗೆ ಚಾಚಿದ ತೊಲೆಗಳು. ಆ ತೊಲೆಗಳಿಂದ ಸರಳುಗಳು ಇಳಿಬಿದ್ದು ಕೆಳಗಿನ ಹಲಗೆಯ ಕಟ್ಟೆಯನ್ನು ಎತ್ತಿ ಹಿಡಿದಿವೆ. ಎಂದರೆ ಕುದುರೆ, ಕಟ್ಟೆ, ಮೇಲೆ ಕೂತ ಮಕ್ಕಳು, ಮಕ್ಕಳನ್ನು ಹಿಡಿದು ನಿಂತ ಅಜ್ಜಂದಿರು, ಎಲ್ಲರೂ ತೂಗುಬಿದ್ದವರೇ. ಭಾರವೆಲ್ಲ ಆ ಒಂದು ಬೇರಿಂಗಿನ ಮೇಲೆ, ಮತ್ತು ಆ ಬೇರಿಂಗು ಕೆಳಗೆ ನಿಂತವರ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಕುದುರೆ ಏರಿ ಇಳಿಯುವುದು. ಕಂಬಕ್ಕೆ ಒಂದು ಹಲ್ಲಿನ ಚಕ್ರ ಬಿಗಿದಿದೆ, ಅದು ಅಲುಗಾಡುವುದಿಲ್ಲ. ಪ್ರತಿ ಕುದುರೆಯ ತಲೆಯ ಮೇಲೂ ಮೊಣಕೈಯಂತೆ ಮಡಿಸಿದ ಒಂದು ಉಕ್ಕಿನ ದಂಡ, ಅದರ ಒಳತುದಿಗೆ ಒಂದು ಚಿಕ್ಕ ಗೇರು, ಮೊಣಕೈಗೆ ಕುದುರೆಯ ಸರಳು ತೂಗುಬಿದ್ದಿದೆ. ಛತ್ರಿ ತಿರುಗಿದಾಗ ಚಿಕ್ಕ ಗೇರುಗಳು ಆ ದೊಡ್ಡ ಚಕ್ರದ ಹಲ್ಲುಗಳ ಮೇಲೆ ಉರುಳುತ್ತವೆ, ದಂಡ ಹೊರಳುತ್ತದೆ, ಮೊಣಕೈ ಮೇಲೆ ಬಂದಾಗ ಕುದುರೆ ಮೇಲೆ, ಕೆಳಗೆ ಹೋದಾಗ ಕೆಳಗೆ. ಕುದುರೆಗೆ ಪ್ರತ್ಯೇಕ ಮೋಟಾರಿಲ್ಲ. ಎಷ್ಟು ಸರಳ, ಎಷ್ಟು ಚೆಂದ! ಈ ಕಬ್ಬಿಣ ಜರ್ಮನಿಯದು. ಮುಂಬಯಿಯಲ್ಲಿ ದಿವಾಳಿಯಾದ ಯಾವುದೋ ಪ್ರದರ್ಶನ ಕಂಪನಿಯಿಂದ ಉದ್ಯಾನದ ಮಾಲಕ ಕೃಷ್ಣಾಜಿ ತಂದದ್ದು. ಅದರ ಜೊತೆ ಬಂದ ಕುದುರೆಗಳನ್ನು ಗೆದ್ದಲು ತಿಂದಿತ್ತು. ಹೊಸ ಕುದುರೆ ಮಾಡಲು ಅವರು ಮರದ ಗೊಂಬೆಗಳ ಊರಾದ ಕಿನ್ನಾಳದಿಂದ ನಮ್ಮ ಅಪ್ಪನನ್ನು ಕರೆಸಿದರು. ಅಪ್ಪ ನಮ್ಮನ್ನೂ ಕರೆತಂದ. ನಾವು ಪುಣೆಯವರಾದದ್ದು ಹಾಗೆ, ಗೆದ್ದಲಿನ ಕೃಪೆಯಿಂದ.

ಅಪ್ಪನ ಕುದುರೆಯ ಹೊಟ್ಟೆ ಟೊಳ್ಳು. ಹಲಗೆಗಳನ್ನು ಪೆಟ್ಟಿಗೆಯಂತೆ ಅಂಟಿಸಿ, ಹೊರಗಿನಿಂದ ಕೆತ್ತಿ ಗುಂಡಗೆ ಮಾಡಿದ್ದು. ಇಡೀ ದಿಮ್ಮಿಯಲ್ಲಿ ಕೆತ್ತಿದರೆ ಭಾರವೂ ಹೆಚ್ಚು, ಒಣಗಿದ ಮೇಲೆ ಸೀಳುವುದೂ ಖಂಡಿತ. ತಲೆ, ಕಾಲು, ಬಾಲ ಬೇರೆ ಬೇರೆ ಕೆತ್ತಿ ಬೆಸೆದದ್ದು. ಟೊಳ್ಳಾಗಿದ್ದರೂ ಅದು ಮೂವತ್ತಕ್ಕೂ ಹೆಚ್ಚು ವರ್ಷ ಭಾರ ಹೊತ್ತಿದೆ. ಟೊಳ್ಳಾಗಿರುವ ಎಲ್ಲರ ಬಗ್ಗೆಯೂ ಈ ಮಾತು ಹೇಳಲು ಬರುವುದಿಲ್ಲ. ನಾನು ವೇದಿಕೆಯ ಕಡೆ ನೋಡುತ್ತಿಲ್ಲ, ಗಡಿಯಾರ ನೋಡುತ್ತಿದ್ದೇನೆ.

ಈಗ ಬಂದೆ ನೋಡಿ ವಿಷಯಕ್ಕೆ. ಜರ್ಮನಿಯವರು ಈ ಚಕ್ರವನ್ನು ಮಾಡುವಾಗ ನಮ್ಮ ಈರಬಸಪ್ಪನವರನ್ನು ಒಂದು ಮಾತು ಕೇಳಲಿಲ್ಲ. ಕಂಬ ಕುದುರೆಯ ಎಡಗಡೆ ಬರುವಂತೆ ತಿರುಗಿಸಿಬಿಟ್ಟರು. ಕೋಥರೂಡಕ್ಕೆ ಬಂದ ಮೇಲೂ ಅದು ಹಾಗೇ ತಿರುಗಿತು. ಆ ವರ್ಷ ಬಳಗದ ಬೋರ್‌ವೆಲ್ ಬತ್ತಿತು, ವಾರ್ಷಿಕೋತ್ಸವದಲ್ಲಿ ಮೈಕು ಕೈಕೊಟ್ಟಿತು, ಚುನಾವಣೆಯಲ್ಲಿ ಈರಬಸಪ್ಪನವರು ಅಧ್ಯಕ್ಷರಾಗಲಿಲ್ಲ. ಇಷ್ಟು ಸಾಲದೇ? ಸಭೆಯಲ್ಲಿ ಎದ್ದು ನಿಂತು ಅವರು ಕಾರಣ ಹೇಳಿಯೇಬಿಟ್ಟರು.

"ಅಲ್ರಿ, ದೇವರ ಗುಡಿ ನಾವು ಹೆಂಗ ಸುತ್ತತೀವಿ? ಬಲಕ್ಕ ಇಟ್ಕೊಂಡು ಸುತ್ತತೀವಿ. ಈ ಕುದುರಿ ಹಗಲೆಲ್ಲಾ ಅಪ್ರದಕ್ಷಿಣಿ ಹಾಕ್ತಾವ. ಸಂಘಕ್ಕ ಏಳ್ಗಿ ಎಲ್ಲಿಂದ ಬರಬೇಕ್ರಿ?"

ಕಂಬದಲ್ಲಿ ಯಾವ ದೇವರಿದ್ದಾನೆ ಎಂದು ಯಾರಾದರೂ ಕೇಳಬಹುದಿತ್ತು. ಕೇಳಲಿಲ್ಲ. ಠರಾವು ಪಾಸಾಯಿತು, ಸರ್ವಾನುಮತದಿಂದ. ನಮ್ಮಲ್ಲಿ ಚಹಾದ ಸಕ್ಕರೆಯ ಬಗ್ಗೆಯೂ ಸರ್ವಾನುಮತ ಆಗಿಲ್ಲ, ಇದಕ್ಕೆ ಆಯಿತು.

ಮೋಟಾರನ್ನು ಉಲ್ಟಾ ತಿರುಗಿಸುವುದು ಭಾಳ ಸುಲಭ. ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಮುಗಿಯಿತು. ಎಲೆಕ್ಟ್ರಿಷಿಯನ್ ಬಂದ, ಮಾಡಿ ಹೋದ. ಪರೀಕ್ಷೆಗೆಂದು ಅಧ್ಯಕ್ಷರೇ ಹಾರ ಹಾಕಿಕೊಂಡು ಮೊದಲನೆಯ ಕುದುರೆ ಹತ್ತಿದರು. ಗುಂಡಿ ಒತ್ತಿದರು. ಗೇರಿಗೆ ಪ್ರದಕ್ಷಿಣೆ, ಅಪ್ರದಕ್ಷಿಣೆ ಒಂದೇ, ಕುದುರೆಗಳು ಏನೂ ಆಗದವರಂತೆ ಏರಿ ಇಳಿದವು. ಆದರೆ ಕುದುರೆಗೆ ಒಂದು ಮುಖ, ಒಂದು ಬಾಲ ಇರುತ್ತದೆ ಎಂಬುದನ್ನು ಠರಾವಿನಲ್ಲಿ ಯಾರೂ ಬರೆದಿರಲಿಲ್ಲ. ಹದಿನಾರು ಕುದುರೆಗಳು ಬಾಲ ಮುಂದೆ ಮಾಡಿ ಹೊರಟವು. ಕಂಪೌಂಡಿನ ಮೇಲೆ ಕೂತಿದ್ದ ಓಣಿಯ ಹುಡುಗರೆಲ್ಲ "ಅರೇ, ಘೋಡೇ ಉಲ್ಟೇ ಚಾಲ್ಲೇತ!" ಎಂದು ಕೇಕೆ ಹಾಕಿದರು. ಅಧ್ಯಕ್ಷರು ಕುದುರೆಯ ಕುತ್ತಿಗೆ ತಬ್ಬಿಕೊಂಡು ಕೂಗಿದರು.

"ನಿಲ್ಲಸ್ರೀ! ನಾ ಹಿಂದಕ್ಕ ಹೊಂಟೇನಿ!"

ಕೆಳಗಿನಿಂದ ಈರಬಸಪ್ಪನವರು ಕೈಮುಗಿದು ಹೇಳಿದರು. "ಗಟ್ಟಿ ಹಿಡಕೊಂಡ ಕೂಡ್ರಿ ಸಾಹೇಬ್ರ, ಪ್ರದಕ್ಷಿಣಿ ಬರೋಬ್ಬರಿ ಆಗಾಕತ್ತದ!"

ನಗಬೇಡಿ, ದಯವಿಟ್ಟು. ಅಧ್ಯಕ್ಷರಿಗೆ ಇನ್ನೂ ಕುತ್ತಿಗೆ ನೋವಿದೆ.

ಆಮೇಲೆ ಏನು? ಪ್ರತಿ ಕುದುರೆಯ ಕೀಲು ಬಿಚ್ಚಿ, ಕುದುರೆಯನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದರು. ಈಗ ಕುದುರೆ ಮುಖ ಮುಂದೆ ಮಾಡಿ ಓಡುತ್ತದೆ, ಪ್ರದಕ್ಷಿಣೆಯೂ ಆಗುತ್ತದೆ. ಎಲ್ಲರೂ ಒಬ್ಬರಿಗೊಬ್ಬರು ಕೈಕುಲುಕಿದರು. ಕೈಕುಲುಕಿ ನೋಡುತ್ತಾರೆ, ಕುದುರೆಯ ಅಂದವೆಲ್ಲ ಎಲ್ಲಿ ಹೋಯಿತು? ಹಾರುವ ಜೂಲು ಎಲ್ಲಿ? ಕೊರಳ ಗೆಜ್ಜೆ ಎಲ್ಲಿ? ಜೀನಿನ ಕೆಳಗೆ ಕೆತ್ತಿದ 'ಸಂಕಪ್ಪ' ಎಂಬ ಹೆಸರು ಎಲ್ಲಿ?

ಅದೆಲ್ಲ ಬಲಮಗ್ಗುಲಲ್ಲಿತ್ತು, ಸಭಿಕರೇ. ಇಂಥ ಚಕ್ರಗಳ ಕುದುರೆಗಳನ್ನು ಕೆತ್ತುವವರು ಹೊರಗಿನ ಜನಕ್ಕೆ ಕಾಣುವ ಮಗ್ಗುಲಿಗೆ ಮಾತ್ರ ಜೀವ ತೇಯುತ್ತಾರೆ. ಕಂಬದ ಕಡೆಯ ಮಗ್ಗುಲನ್ನು ಸಪಾಟಾಗಿ ಬಿಟ್ಟು ಒಂದು ಕೈ ಬಣ್ಣ ಬಳಿದು ಮುಗಿಸುತ್ತಾರೆ. ಅಪ್ಪನೂ ಹಾಗೇ ಮಾಡಿದ. ಅರಿಶಿನ ಬಣ್ಣ, ಒಂದು ಕೈ.

ಸಮಿತಿಯ ವರದಿಯಲ್ಲಿ ಈ ಮಗ್ಗುಲಿನ ಬಗ್ಗೆ ಒಂದು ಸಾಲಿದೆ. 'ಮೇಲ್ಮೈ ಒರಟಾಗಿದ್ದು, ಅಲ್ಲಲ್ಲಿ ಮಕ್ಕಳು ಚುಕ್ಕೆ, ಗೀಟು ಗೀಚಿದ್ದು ಕಂಡುಬರುತ್ತದೆ.' ಈ ಸಾಲು ನೆನಪಿನಲ್ಲಿಡಿ.

ಕುದುರೆ ತಿರುಗಿಸಿದ ಸುದ್ದಿ ಕೇಳಿ ನಾನು ಸುಮ್ಮನಿರಲಿಲ್ಲ. ಒಂದು ತಿಂಗಳು ಅಧ್ಯಕ್ಷರ ಅಂಗಡಿಗೆ ಎಡತಾಕಿದೆ. ನನ್ನ ಸ್ಕೂಟರಿನ ಸದ್ದು ಕೇಳಿದರೆ ಅವರು ಗೋದಾಮಿಗೆ ಹೋಗುತ್ತಿದ್ದರು. 'ನಮ್ಮ ಅಪ್ಪನ ಕಲೆಯನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದ್ದೀರಿ, ನಿಮಗೆ ಮನಸ್ಸಾದರೂ ಹೇಗೆ ಬಂತು?' ಎಂದು ಗಿರಾಕಿಗಳ ಮುಂದೆ ಕೂಗಾಡಿದ್ದೇನೆ. ಇಂದಿನ ಭಾಷಣವನ್ನೂ ಹಾಗೇ ಬರೆದುಕೊಂಡು ಬಂದಿದ್ದೆ. ಇಗೋ, ಈ ಕಾಗದ. ಕೊನೆಯ ಸಾಲು, 'ಆದ್ದರಿಂದ ಕುದುರೆಗಳನ್ನು ಮೊದಲಿನಂತೆ ತಿರುಗಿಸತಕ್ಕದ್ದು.' ಅಧ್ಯಕ್ಷರೂ ಇದನ್ನೇ ಕೇಳಲು ತಯಾರಾಗಿ ಕೂತಿದ್ದಾರೆ.

ಈ ಕಾಗದವನ್ನು ನಾನು ಓದುವುದಿಲ್ಲ.

ಅಪ್ಪ ದೊಡ್ಡ ಕಲಾವಿದ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅಪ್ಪನೂ ಎಲ್ಲಿ ಬೇಕಾದರೂ ಹೇಳುತ್ತಿದ್ದ. ಪುಣೆಯಲ್ಲಿ ಅವನಿಗೆ ಹೊದಿಸಿದ ಶಾಲುಗಳಲ್ಲಿ ನಮ್ಮ ಮನೆಗೆಲ್ಲ ಪರದೆ ಹೊಲಿಸಬಹುದಿತ್ತು. ಪ್ರತಿ ಸನ್ಮಾನದಲ್ಲೂ ಪಟಕಾ ಸುತ್ತಿಕೊಂಡು ಒಂದೇ ಮಾತು. "ಹದಿನಾರೂ ಕುದುರಿ ನಾ ಒಬ್ಬಾವನ ಮಾಡೇನ್ರಿ. ಇನ್ನೊಬ್ಬರ ಕೈ ಹಚ್ಚಿಸಿಲ್ಲ." ಸಭೆ ಚಪ್ಪಾಳೆ ತಟ್ಟುತ್ತಿತ್ತು. ಹಿಂದಿನ ಸಾಲಿನಲ್ಲಿ ನನ್ನ ಅವ್ವ ಯಮನವ್ವನೂ ತಟ್ಟುತ್ತಿದ್ದಳು.

ಅವ್ವ ನವಲಗುಂದದ ಕಡೆಯವಳು. ಕಸೂತಿ ಹಾಕುವವಳು. ಕಸೂತಿಯ ಒಂದು ಗುಣ ಇಲ್ಲಿರುವ ಹೆಣ್ಣುಮಕ್ಕಳಿಗೆ ಗೊತ್ತು, ಗಂಡಸರಿಗೆ ಹೇಳುತ್ತೇನೆ. ಮೊದಲು ಪೆನ್ಸಿಲಿನಲ್ಲಿ ಗೀಟು ಎಳೆಯುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯುವುದು. ಗವಂತಿ ಹೊಲಿಗೆ ಹಾಕಿದರೆ ಸೀರೆಯ ಮೇಲೂ ಕೆಳಗೂ ಒಂದೇ ಚಿತ್ತಾರ. ಯಾವುದು ಹೊರಗು, ಯಾವುದು ಒಳಗು ಎಂದು ಹೇಳಲು ಬರಬಾರದು. ಬಂದರೆ ಅವ್ವ ಬಿಚ್ಚಿ ಮತ್ತೆ ಹಾಕಿಸುತ್ತಿದ್ದಳು. ನಾನು ಅಳುತ್ತಾ ಬಿಚ್ಚಿದ ಹೊಲಿಗೆ ಎಷ್ಟೋ.

ಅಂಥವಳ ಅಂಗಳದಲ್ಲಿ ಹದಿನಾರು ಕುದುರೆ ನಿಂತಿದ್ದವು, ಬಲಕ್ಕೆ ಸಿಂಗಾರ, ಎಡಕ್ಕೆ ಬರೀ ಅರಿಶಿನ. ಅವಳಿಗೆ ತಡೆಯಲಾಗಲಿಲ್ಲ. "ಒಂದ ಮಗ್ಗಲಾ ಉಟ್ಟು ಒಂದ ಮಗ್ಗಲಾ ಬತ್ಲೆ ನಿಂತಾವ ಪಾಪ, ನಂಗ ನೋಡಾಕ ಆಗವಲ್ದು" ಎಂದಳು. ಅಪ್ಪ ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಅವನ ಉಳಿದ ಬಣ್ಣ ತೆಗೆದುಕೊಂಡಳು. ಮರಕ್ಕೆ ಎಣಿಸಲು ಎಳೆ ಎಲ್ಲಿದೆ? ಅರಿಶಿನ ಬಣ್ಣವನ್ನು ಇನ್ನೊಮ್ಮೆ ಬಳಿದು, ಅದು ಹಸಿ ಇರುವಾಗಲೇ ಗೋಣಿಚೀಲ ಒತ್ತಿ ಎತ್ತಿದಳು. ಚೀಲದ ನೇಯ್ಗೆ ಬಣ್ಣದಲ್ಲಿ ಮೂಡಿತು. ಒಣಗಿದ ಮೇಲೆ ಅದೇ ಅವಳ ಬಟ್ಟೆಯಾಯಿತು. ಕಸಬರಿಗೆ ಕಡ್ಡಿ ಅದ್ದಿ, ಎಳೆ ಎಣಿಸಿ, ಚುಕ್ಕೆ ಇಟ್ಟಳು, ಗೀಟು ಕೂಡಿಸಿದಳು. ಒಂದು ಕುದುರೆಗೆ ತುಳಸಿಕಟ್ಟೆ, ಒಂದಕ್ಕೆ ನವಿಲು, ಒಂದಕ್ಕೆ ತೊಟ್ಟಿಲು, ಒಂದಕ್ಕೆ ಸಾಲಾನೆ. ಒಂದರಂತೆ ಒಂದಿಲ್ಲ.

ವರದಿ ಬರೆದ ಸಮಿತಿಯ ಸದಸ್ಯರೇ, ಆ ಒರಟು ಮೇಲ್ಮೈ ಗೋಣಿಯ ಎಳೆ. ಆ ಗೀಚಾಟ ನನ್ನ ಅವ್ವನ ಕಸೂತಿ. ಅದರ ಮೇಲೆ ನೀವು ಸ್ಯಾಂಡ್‌ಪೇಪರ್ ಆಡಿಸಲು ಹೊರಟಿದ್ದಿರಿ.

ನಿಮ್ಮನ್ನಷ್ಟೇ ಏಕೆ ಅನ್ನಲಿ? ಅಪ್ಪನೂ ಎದ್ದು ಬಂದು ನೋಡಿದ. ಸಿಟ್ಟಾಗಲಿಲ್ಲ, ನಕ್ಕ. ಸಿಟ್ಟಾಗಿದ್ದರೆ ಚೆನ್ನಾಗಿತ್ತೇನೋ. "ಹುಚ್ಚಿ, ಬಣ್ಣ ಯಾಕ ಹಾಳ ಮಾಡ್ತಿ? ಆ ಮಗ್ಗಲಾ ಯಾರ ನೋಡ್ತಾರ? ಕಂಬ ನೋಡ್ತದ, ಕಂಬ!" ಅವ್ವನೂ ನಕ್ಕಳು. ನಕ್ಕು, ಉಳಿದ ಕುದುರೆಗಳನ್ನೂ ಮುಗಿಸಿದಳು.

ಆಗ ಕಂಬದ ಸುತ್ತ ಕನ್ನಡಿಗಳಿದ್ದವು. ಉದ್ಯಾನಕ್ಕೆ ಹೋದಾಗಲೆಲ್ಲ ಅವ್ವ ತಾನೂ ಟಿಕೀಟು ತೆಗೆದು ಕುದುರೆ ಹತ್ತುತ್ತಿದ್ದಳು. ಸೀರೆ ಉಟ್ಟ ಹೆಂಗಸು ಕುದುರೆ ಹತ್ತುವುದೇ ಎಂದು ಜನ ನಗುತ್ತಿದ್ದರು, ನನಗೂ ನಾಚಿಕೆಯಾಗುತ್ತಿತ್ತು. ಅವಳು ಕನ್ನಡಿಯ ಕಡೆ ಮುಖ ಮಾಡಿ ಕೂತು, ಚಕ್ರ ನಿಲ್ಲುವ ತನಕ ಆ ಕಡೆಯೇ ನೋಡುತ್ತಿದ್ದಳು. ಮುಖ ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಈಗ ಆ ಕನ್ನಡಿಗಳನ್ನು ತೆಗೆದು ದಾನಿಗಳ ಫೋಟೋ ಹಾಕಿದ್ದೀರಿ. ಫೋಟೋಗಳು ಚೆನ್ನಾಗಿ ಬಂದಿವೆ.

ಇವತ್ತು ಬೆಳಿಗ್ಗೆ ನಾನು ಈ ಕಾಗದವನ್ನು ಜೋರಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. ಅಪ್ಪನ ಕಲೆ, ಅಪ್ಪನ ಉಳಿ, ಅಪ್ಪನಿಗೆ ಆದ ಅನ್ಯಾಯ. ಅವ್ವ ಬಾಗಿಲಲ್ಲಿ ಬಂದು ನಿಂತಳು. ಅವಳಿಗೆ ಈಗ ಎಂಬತ್ತರ ಹತ್ತಿರ. ನನ್ನ ತಿಂಗಳ ಜಗಳವನ್ನೆಲ್ಲ ಕೇಳಿಸಿಕೊಂಡೂ ಏನೂ ಅಂದಿರಲಿಲ್ಲ.

"ಸಕ್ಕೂ, ಕುದುರಿ ತಿರುಗಿಸ್ಯಾರಂತ, ಖರೇನ?"

"ಹೌದವ್ವ. ಮತ್ತ ಹೊಳ್ಳಿ ತಿರುಗಿಸಾಕ ಹಚ್ಚತೇನಿ, ನೀ ಕಾಳಜಿ ಮಾಡಬ್ಯಾಡ."

ಅವಳು ಸೆರಗಿನ ತುದಿ ತಿರುವಿದಳು. ಆಮೇಲೆ ಕೇಳಿದಳು. "ಹಂಗಾರ ಈಗ ನಂದು ಹೊರಗ ಕಾಣ್ತದೇನ?"

ಓದುತ್ತಿದ್ದ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದೆ. ಒಂದು ಲೋಟ ನೀರು ಕೊಡಿ.

ಅಧ್ಯಕ್ಷರೇ, ನಿರ್ಧಾರ ನನ್ನದು ಎಂದಿರಿ. ಕೇಳಿ. ಕುದುರೆಗಳನ್ನು ತಿರುಗಿಸಬೇಡಿ. ಬಣ್ಣವನ್ನೂ ಬಳಿಯಬೇಡಿ. ಸ್ಯಾಂಡ್‌ಪೇಪರ್ ಹಿಡಿದು ಯಾರಾದರೂ ಹತ್ತಿರ ಬಂದರೆ ನಾನು ಆ ಕಟ್ಟೆಯ ಮೇಲೆಯೇ ಹಾಸಿಗೆ ಹಾಸುತ್ತೇನೆ, ನನ್ನ ಗಂಟಲು ಎಂಥದೆಂದು ನಿಮ್ಮ ಗಿರಾಕಿಗಳನ್ನು ಕೇಳಿ. ಮೆತ್ತನೆಯ ಬಟ್ಟೆಯಲ್ಲಿ ಧೂಳು ಒರೆಸಿ, ಸಾಕು. ಅಪ್ಪನಿಗೆ ಅನ್ಯಾಯವಾಯಿತು ಎಂದು ಯಾರಾದರೂ ಮರುಗುವುದಾದರೆ, ಅವನ ಕೆಲಸ ಎಲ್ಲಿಗೂ ಹೋಗಿಲ್ಲ. ಕಂಬ ನೋಡುತ್ತದೆ. ನಲವತ್ತು ವರ್ಷ ಅದು ಅವ್ವನದನ್ನು ನೋಡಿದೆ, ಇನ್ನು ಅವನದನ್ನು ನೋಡಲಿ.

ವಂದನಾರ್ಪಣೆಯನ್ನೂ ನಾನೇ ಮಾಡಿಬಿಡುತ್ತೇನೆ. ಮೊಟ್ಟಮೊದಲು ಉಪಾಧ್ಯಕ್ಷ ಈರಬಸಪ್ಪನವರಿಗೆ ಮನಃಪೂರ್ವಕ ವಂದನೆ. ನೀವು ಮಾಡಿದ ಪ್ರದಕ್ಷಿಣೆಯಿಂದ ಬೋರ್‌ವೆಲ್‌ಗೆ ನೀರು ಬಂತೋ ಇಲ್ಲವೋ ತಿಳಿಯದು. ಆದರೆ ಇಷ್ಟು ವರ್ಷ ಅಪ್ಪನಿಗೆ ಹೊಳೆಯದ್ದನ್ನು, ಇಷ್ಟು ಓದಿದ ನನಗೂ ಹೊಳೆಯದ್ದನ್ನು ನೀವು ಗೊತ್ತಿಲ್ಲದೆ ಮಾಡಿದಿರಿ. ಇದರಲ್ಲಿ ಒಂದು ಅಕ್ಷರವೂ ವ್ಯಂಗ್ಯವಿಲ್ಲ. ಗುಂಡಿಯನ್ನು ನೀವೇ ಒತ್ತಬೇಕು.

ಅಧ್ಯಕ್ಷರೇ, ಅಪ್ಪನ ಫೋಟೋಗೆಂದು ತಂದಿರುವ ಆ ಶಾಲನ್ನು ಸ್ವಲ್ಪ ಇಲ್ಲಿ ಕೊಡಿ. ಸ್ವಯಂಸೇವಕರೇ, ಕೊನೆಯ ಸಾಲಿನಲ್ಲಿ ನೀರಿನ ಡ್ರಮ್ಮಿನ ಪಕ್ಕದಲ್ಲಿ ಇಳಕಲ್ ಸೀರೆಯ ಒಬ್ಬ ಮುದುಕಿ ಕೂತಿದ್ದಾಳೆ. ಮುಂದಿನ ಸಾಲು ದಾನಿಗಳಿಗೆ ಎಂದು ನೀವೇ ಅವಳನ್ನು ಅಲ್ಲಿ ಕೂರಿಸಿದಿರಿ. ಅವಳಿಗೆ ದಾರಿ ಬಿಡಿ. ಖಾಲಿ ಇರುವ ಈ ಮುಖ್ಯ ಅತಿಥಿಗಳ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅಂಗಳದಲ್ಲಿ, ಚಕ್ರದ ಸುತ್ತಲಿನ ಕಟಾಂಜನದ ಹೊರಗೆ ಹಾಕಿ. ಅವಳನ್ನು ಕುದುರೆಯ ಮೇಲೆ ಹತ್ತಿಸಬೇಡಿ. ಇಷ್ಟು ವರ್ಷ ತನ್ನ ಕೆಲಸ ನೋಡಬೇಕೆಂದರೆ ಅವಳು ಹತ್ತಲೇಬೇಕಾಗಿತ್ತು. ಇವತ್ತು ಎಲ್ಲರ ಹಾಗೆ ಹೊರಗೆ ಕೂತು ನೋಡಲಿ.

ಅವ್ವಾ, ಏಳ, ಹೋಗೂಣು. ಎಲ್ಲರಿಗೂ ವಂದನೆ, ನಮಸ್ಕಾರ.